ಏಳು ಚುಕ್ಕಿಯ ರೂಪಾಯಿ

ಮೊನ್ನೆ ಊಟವಾಗಿ ಆರಾಮ ಕುರ್ಚಿಯಲ್ಲಿ ತೂಕಡಿಸುತ್ತಿದ್ದೆ. ಮೊಮ್ಮಗಳು ಬಂದು ಕಾಲಬುಡದಲ್ಲಿ ಕೂತು ಪೆನ್ಸಿಲ್ ಕೆತ್ತತೊಡಗಿದಳು. ಶಾಲೆಯಲ್ಲಿ ಏನೋ ಮಾಡಿಕೊಂಡು ಬರಲು ಹೇಳಿದ್ದರಂತೆ. ಹತ್ತು ರೂಪಾಯಿಯ ನಾಣ್ಯವನ್ನು ಕಾಗದದ ಅಡಿಗಿಟ್ಟು, ಪೆನ್ಸಿಲನ್ನು ಓರೆಯಾಗಿ ಹಿಡಿದು ಮೇಲೆ ಉಜ್ಜಿದಳು. ಬಿಳಿ ಕಾಗದದಲ್ಲಿ ಸಿಂಹಗಳು ಒಂದೊಂದಾಗಿ ಎದ್ದು ಬಂದವು. ಮರದ ಹೊಟ್ಟು, ಸೀಸದ ಪುಡಿ, ಎರಡೂ ಸೇರಿದ ಆ ವಾಸನೆ ಇದೆಯಲ್ಲ, ಚಿತ್ರದ ಮಾಸ್ತರರ ಹತ್ತಿರ ನೀವು ಎಂದಾದರೂ ಕೂತಿದ್ದರೆ ನಿಮಗೂ ಗೊತ್ತಿರುತ್ತದೆ. ನನ್ನ ಕೈಗೆ ನೌಕರಿ ಇದ್ದಷ್ಟು ದಿನವೂ ಅದೇ ವಾಸನೆ. ಅನ್ನ ಕಲಸಿದರೂ ಹೋಗುವುದಿಲ್ಲ ಎಂದು ಹೆಂಡತಿ ಬೈಯುತ್ತಿದ್ದಳು. ಆದರೆ ಮೊನ್ನೆ ಆ ವಾಸನೆಗೆ ನನಗೆ ನೆನಪಾದದ್ದು ಶಾಲೆಯೂ ಅಲ್ಲ, ತೀರಿಹೋದ ಹೆಂಡತಿಯೂ ಅಲ್ಲ. ಗಾಜಿನ ಬಳೆ ಮಾರುತ್ತಿದ್ದ ಹಲಿಮಕ್ಕ ನೆನಪಾದಳು.

ಐವತ್ತಾರನೆಯ ಇಸವಿಯಲ್ಲಿ ನಾನು ಶಿರಸಿಯ ಹೈಸ್ಕೂಲಿಗೆ ಚಿತ್ರಕಲೆಯ ಮಾಸ್ತರನಾಗಿ ಬಂದೆ. ಘಟ್ಟದ ಕೆಳಗಿನವನು, ಕುಮಟೆಯ ಕಡೆಯವನು. ಮುಂಬಯಿ ಆಡಳಿತ ಹೋಗಿ ಮೈಸೂರಿನದು ಬಂದ ಹೊಸತು. ಕಚೇರಿಯ ಗುಮಾಸ್ತರು ಅರ್ಜಿಯನ್ನು ಮರಾಠಿಯಲ್ಲಿ ಬರೆಯಬೇಕೋ ಕನ್ನಡದಲ್ಲೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದ ಕಾಲ. ಹೊರಡುವ ದಿನ ಅಮ್ಮ ದೇವರ ಪೆಟ್ಟಿಗೆಯಿಂದ ಒಂದು ಬೆಳ್ಳಿಯ ರೂಪಾಯಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಖರ್ಚಿಗಲ್ಲ, ಪರವೂರಿಗೆ ಹೋಗುವ ಮಗನ ಹತ್ತಿರ ಒಂದು ಚೂರು ಬೆಳ್ಳಿ ಇರಬೇಕು, ಅಷ್ಟೆ. ರಾಣಿ ಛಾಪಿನ ರೂಪಾಯಿ ಅದು.

ಆ ಹೊತ್ತಿಗೆ ಅಪ್ಪಟ ಬೆಳ್ಳಿಯ ರೂಪಾಯಿ ಪೇಟೆಯಿಂದ ಎದ್ದುಹೋಗಿ ಎಷ್ಟೋ ವರ್ಷವಾಗಿತ್ತು. ಮರುವರ್ಷ ನಯಾ ಪೈಸೆಯೂ ಬಂದು ಆಣೆಯ ಕಾಲವೇ ಮುಗಿಯಿತು. ಬೆಳ್ಳಿ ಮಾತ್ರ ಮನೆಗಳ ಒಳಗೆ ಉಳಿದಿತ್ತು. ದೇವರ ಪೆಟ್ಟಿಗೆಯಲ್ಲಿ ಉಳಿದಿತ್ತು, ಅಕ್ಕಸಾಲಿಯ ತಕ್ಕಡಿಯಲ್ಲಿ ತೊಲ ತೂಗುವ ಬಟ್ಟಾಗಿ ಉಳಿದಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಹೆಂಗಸರ ಕೊರಳಲ್ಲಿ ಉಳಿದಿತ್ತು. ರೂಪಾಯಿಗೆ ಬೆಳ್ಳಿಯ ಕೊಂಡಿ ಹಚ್ಚಿಸಿ ದಾರಕ್ಕೆ ಪೋಣಿಸಿದ ಸರ. ಜನ ಅವುಗಳನ್ನು ಮುಖ ನೋಡಿ ಕರೆಯುತ್ತಿದ್ದರು: ರಾಣಿ, ಬೋಳುತಲೆಯ ರಾಜ, ಕಿರೀಟದ ರಾಜ. ಇಸವಿ ಯಾರಿಗೂ ಬೇಕಾಗಿರಲಿಲ್ಲ.

ನನಗೆ ಬೇಕಾಯಿತು. ಬ್ರಹ್ಮಚಾರಿ, ಬಾಡಿಗೆಯ ಕೋಣೆ, ಸಂಜೆಗೆ ಮಾಡಲು ಕೆಲಸವಿಲ್ಲ. ನನ್ನ ಜೊತೆಯ ಮಾಸ್ತರರು ಇಸ್ಪೀಟು ಆಡುತ್ತಿದ್ದರು. ನನಗೆ ಸೋಲುವುದು ಸೇರುವುದಿಲ್ಲವಾದ್ದರಿಂದ ನಾನು ಆಡುತ್ತಿರಲಿಲ್ಲ. ಒಂದು ಸಂಜೆ ಭೂತಗನ್ನಡಿ ಹಿಡಿದು ಅಮ್ಮನ ರೂಪಾಯಿಯನ್ನು ನೋಡಿದೆ. ಇಸವಿ 1862. ಅದರ ಕೆಳಗೆ, ಹೂಬಳ್ಳಿಯ ಹತ್ತಿರ, ಸಾಸಿವೆಯ ಅರ್ಧದಷ್ಟು ಎರಡು ಚುಕ್ಕಿ. ಅಚ್ಚಿನ ದೋಷವೆಂದು ಬಿಟ್ಟೆ. ವಾರದ ಮೇಲೆ ಅಕ್ಕಸಾಲಿಯ ಅಂಗಡಿಯಲ್ಲಿ ತೂಕದ ರೂಪಾಯಿ ಕಂಡಿತು. ಅದೂ 1862, ಆದರೆ ಚುಕ್ಕಿ ನಾಲ್ಕು. ಅದೇ ರಾಣಿ, ಅದೇ ಇಸವಿ, ಚುಕ್ಕಿ ಮಾತ್ರ ಬೇರೆ. ಅಂದು ನನಗೆ ನಿದ್ದೆ ಬರಲಿಲ್ಲ. ನಗಬೇಡಿ, ಕೆಲವರಿಗೆ ಹುಡುಗಿ ನೋಡಿ ಬಂದ ದಿನ ಹಾಗಾಗುತ್ತದೆ.

ಹಲಿಮಕ್ಕ ಸಿಕ್ಕಿದ್ದು ಸಿದ್ದಾಪುರದ ಬಸ್ಸಿನಲ್ಲಿ. ಚಿತ್ರಕಲೆಯ ಪರೀಕ್ಷೆಗೆಂದು ನಾನು ಅಲ್ಲಿಗೆ ಹೊರಟಿದ್ದೆ. ಎದುರಿನ ಸೀಟಿನಲ್ಲಿ ಐವತ್ತರ ಆಸುಪಾಸಿನ ಒಬ್ಬಳು, ತೊಡೆಯ ಮೇಲೆ ಮಲಾರ, ಬಳೆಗಳನ್ನು ಪೋಣಿಸಿ ಕಟ್ಟಿದ ಹೊರೆ. ಬಸ್ಸು ಹಾರಿದಾಗಲೆಲ್ಲ ಅಷ್ಟೂ ಬಳೆ ಒಟ್ಟಿಗೆ ಜಲ್ಲೆನ್ನುವುದು. ಅವಳ ಸ್ವಂತ ಕೈ ಮಾತ್ರ ಬರಿದು, ಗಂಡ ತೀರಿಹೋಗಿದ್ದ. ನಾನು ಹೊತ್ತು ಹೋಗದೆ ಭೂತಗನ್ನಡಿಯಿಂದ ರೂಪಾಯಿಯ ಪೂಜೆ ನಡೆಸಿದ್ದೆ. ಅವಳು ಕೈ ಚಾಚಿದಳು. ಏಕೆ ಕೊಟ್ಟೆನೋ, ಕೊಟ್ಟೆ. ಅವಳು ಅದನ್ನು ನೋಡಲೇ ಇಲ್ಲ. ಕಿಟಕಿಯ ಹೊರಗೆ ನೋಡುತ್ತ ಹೆಬ್ಬೆರಳನ್ನು ನಾಣ್ಯದ ಮೇಲೆ ಒಂದು ಸಲ ಆಡಿಸಿದಳು.

"ಮೂರು ಕಾಳು ಅದೆ ಮಾಸ್ತರೆ, ಒಂದು ಸವದದೆ" ಎಂದು ಮರಳಿ ಕೊಟ್ಟಳು.

ಎರಡು ಎಂದು ನಾನು ಹಟ ಹಿಡಿದೆ. ಸಿದ್ದಾಪುರ ಬರುವಷ್ಟರಲ್ಲಿ ಬಿಸಿಲಿಗೆ ಓರೆಯಾಗಿ ಹಿಡಿದಾಗ ಮೂರನೆಯದು ಕಂಡಿತು. ಹಾಳು ಭೂತಗನ್ನಡಿಗಿಂತ ಆ ಹೆಬ್ಬೆರಳು ಹೆಚ್ಚು ಕಂಡಿತ್ತು. ನಾನು ಚಿತ್ರಕಲೆಯ ಮಾಸ್ತರ ಎಂದು ಅವಳಿಗೆ ಹೇಗೆ ಗೊತ್ತಾಯಿತೆಂದು ಆಮೇಲೆ ಕೇಳಿದಾಗ, ನಿಮ್ಮ ಅಂಗಿಗೆ ಬಣ್ಣ ಹತ್ತಿತ್ತಲ್ಲ ಎಂದಳು.

ಅವಳ ಮನೆ ಯಲ್ಲಾಪುರದಲ್ಲಿ. ಅಣ್ಣತಮ್ಮಂದಿರು ಲಾರಿ ಓಡಿಸುತ್ತಿದ್ದರು. ಅವಳು ಮಾತ್ರ ಅತ್ತೆಯಿಂದ ಬಂದ ಬಳೆಯ ಕಸುಬು ಹಿಡಿದಿದ್ದಳು. ಒಂದು ವಾರ ಮಂಚಿಕೇರಿಯ ಮೇಲೆ ಶಿರಸಿ, ಒಂದು ವಾರ ಸಿದ್ದಾಪುರದ ಕಡೆ, ಮತ್ತೊಂದು ವಾರ ಎಕ್ಕಂಬಿಯಿಂದ ಬನವಾಸಿಯ ತನಕ. ಮೂವತ್ತು ವರ್ಷದ ತಿರುಗಾಟ. ಬಳೆ ಇಡುವವಳ ಮುಂದೆ ಎಂಥ ಹೆಂಗಸೂ ಕೈ ಚಾಚಿ ಸುಮ್ಮನೆ ಕೂರಬೇಕು. ಕೈಯೊಳಗೆ ಕೈ ಇಟ್ಟುಕೊಂಡು ಕೂತಾಗ ಬಾಯಿ ತಾನಾಗಿ ಬಿಡುತ್ತದೆ. ಗಂಡನಿಗೆ ಹೇಳದ್ದು, ತಾಯಿಗೆ ಹೇಳದ್ದು, ಎಲ್ಲ ಹಲಿಮಕ್ಕನಿಗೆ ಗೊತ್ತು. ಒಂದು ಮನೆಯದು ಇನ್ನೊಂದು ಮನೆಗೆ ಗೊತ್ತಾಗಿದ್ದು ಆ ಮೂವತ್ತು ವರ್ಷದಲ್ಲಿ ಒಮ್ಮೆಯೂ ಇಲ್ಲ. ಅದಕ್ಕೇ ಅವಳಿಗೆ ಹೆಬ್ಬಾಗಿಲಲ್ಲಿ ತಡೆ ಇರಲಿಲ್ಲ; ಹಿತ್ತಿಲ ಕಟ್ಟೆಯ ತನಕ ಹೋಗಿ ಕೂರುತ್ತಿದ್ದಳು. ಅವಳ ನಾಲಿಗೆಯೂ ಮನೆಗೊಂದು ಬಗೆ. ಸಿದ್ದಾಪುರದ ಕಡೆ "ಎಂತ ತಂಗಿ, ಅಪ್ಪನ ಮನೆಗೆ ಹೋಪದು ಯಾವಾಗ?" ಎನ್ನುವವಳು, ಬನವಾಸಿ ದಾರಿ ಹಿಡಿದಳೆಂದರೆ "ಕೈ ಸಡ್ಲ ಬಿಡ್ರಿ ಯವ್ವಾ" ಎನ್ನುತ್ತಿದ್ದಳು. ನನ್ನೊಡನೆ ಆಡುತ್ತಿದ್ದದ್ದು ಅವೆಲ್ಲ ಬೆರೆತ ಯಾವುದೋ ಒಂದು. ಆ ಮಾತನ್ನು ಮತ್ತೆ ಯಾರ ಬಾಯಲ್ಲೂ ನಾನು ಕೇಳಿಲ್ಲ.

ಕೊರಳ ಸರದ ರೂಪಾಯಿಗಳನ್ನು ನಾನು ನೋಡುವುದು ಹೇಗೆ? ಪರಪುರುಷ ಭೂತಗನ್ನಡಿ ಹಿಡಿದು ಹೆಂಗಸರ ಕೊರಳಿಗೆ ಬಗ್ಗಿದರೆ ಕೆಲಸ ಹೋಗುವುದಿರಲಿ, ಹಲ್ಲೂ ಉಳಿಯುತ್ತಿರಲಿಲ್ಲ. ದಾರಿ ತೋರಿಸಿದ್ದು ಹಲಿಮಕ್ಕನೇ. ಬಳೆಗಳನ್ನು ಸುತ್ತಿ ಬರುತ್ತಿದ್ದ ತೆಳು ಗುಲಾಬಿ ಕಾಗದವಿತ್ತು. ನಾನು ಅವಳಿಗೆ ಮೆತ್ತನೆಯ ಪೆನ್ಸಿಲಿನ ತುಂಡು ಕೊಟ್ಟು ಉಜ್ಜುವುದನ್ನು ಕಲಿಸಿದೆ. ಅವಳು ಬಳೆ ಇಟ್ಟು ಮುಗಿಸಿ, ಎಡ ಅಂಗೈಯನ್ನು ರೂಪಾಯಿಯ ಅಡಿಗೆ ಕೊಟ್ಟು, ಮೇಲೆ ಕಾಗದ ಹಾಸಿ, ರಾಣಿಯ ಬದಿಗೂ ತಿರುವಿ ಇಸವಿಯ ಬದಿಗೂ ನಾಲ್ಕು ನಾಲ್ಕು ಸಲ ಉಜ್ಜಿದರೆ ಸರ ಕೊರಳಲ್ಲಿದ್ದ ಹಾಗೇ ಪಡಿಯಚ್ಚು ಎದ್ದು ಬರುತ್ತಿತ್ತು. ಹೆಂಗಸರಿಗೂ ಅದೊಂದು ತಮಾಷೆ. ತಮ್ಮ ಕೊರಳ ರಾಣಿ ಕಾಗದದಲ್ಲಿ ಮೂಡುವುದನ್ನು ನೋಡಲು ಅಕ್ಕಪಕ್ಕದವರನ್ನೂ ಕರೆಯುತ್ತಿದ್ದರಂತೆ. ಅದಕ್ಕೆ ಹಲಿಮಕ್ಕ ನೆರಳು ಎನ್ನುತ್ತಿದ್ದಳು. ಇವತ್ತು ಎರಡು ನೆರಳು ತಂದಿದೇನೆ ಮಾಸ್ತರೆ, ಎಂದು ಸೆರಗಿನ ಗಂಟು ಬಿಚ್ಚುವಳು.

ಆ ವಾರ ಯಾವ ದಿಕ್ಕಿಗೆ ಹೋಗಿದ್ದರೂ ಗುರುವಾರ ಅವಳು ಶಿರಸಿಗೆ ಬರುತ್ತಿದ್ದಳು. ಶಾಲೆ ಬಿಡುವುದರೊಳಗೆ ನನ್ನ ಕೋಣೆಯ ಜಗಲಿಯಲ್ಲಿ ಮಲಾರ ಇಳಿಸಿ ಕೂತಿರುತ್ತಿದ್ದಳು. ಮನೆಯ ಒಡತಿ ಅವಳಿಗೆಂದು ಬೇರೆ ಒಂದು ಲೋಟ ಇಟ್ಟಿದ್ದಳು. ಚಹಾ ಕುಡಿದು ಅದನ್ನು ತಾನೇ ತೊಳೆದು ಕವುಚಿ ಹಾಕುವುದು ಹಲಿಮಕ್ಕನ ರೂಢಿ. ನನಗೆ ಅದನ್ನು ನೋಡಲಾಗಲಿಲ್ಲ. ಒಂದೇ ಬಗೆಯ ಎರಡು ಮಗ್ಗು ತಂದು ನಾನೇ ಚಹಾ ಮಾಡತೊಡಗಿದೆ. ಎರಡನೆಯ ವಾರ ಎರಡೂ ಮಗ್ಗುಗಳನ್ನು ಅವಳೇ ತೊಳೆದಿಟ್ಟಳು. ಆಮೇಲೆ ನೆರಳುಗಳನ್ನು ಚಾಪೆಯ ಮೇಲೆ ಸಾಲಾಗಿ ಹಾಸುತ್ತಿದ್ದೆವು. ಒಂದು ಚುಕ್ಕಿಯದು, ಎರಡರದು, ಮೂರರದು. ಗಾಳಿ ಬಂದರೆ ಹಾರದಂತೆ ಒಂದೊಂದರ ಮೇಲೂ ಅವಳು ಒಂದೊಂದು ಬಳೆ ಇಡುತ್ತಿದ್ದಳು.

ಪ್ರತಿ ನೆರಳಿಗೂ ಒಂದು ಕಥೆ ಬರುತ್ತಿತ್ತು. ಒಬ್ಬಳು ಗಂಡನೊಡನೆ ಮುನಿದಾಗ ಮಾತಾಡುತ್ತಿರಲಿಲ್ಲ, ಸರವನ್ನು ತಿರುವಿ ರಾಣಿಯ ಮುಖ ಒಳಗೆ ಮಾಡಿಕೊಳ್ಳುತ್ತಿದ್ದಳು. ಅದನ್ನು ಕಂಡ ದಿನ ಮನೆಯಲ್ಲಿ ಯಾರೂ ಉಪ್ಪು ಕಡಿಮೆ ಎನ್ನುತ್ತಿರಲಿಲ್ಲ. ಇನ್ನೊಬ್ಬಳು ಸತ್ತ ಅಕ್ಕನ ರೂಪಾಯಿಯನ್ನು ತನ್ನ ಸರಕ್ಕೆ ಸೇರಿಸಿಕೊಂಡು, ಹೊಸ ಬಳೆ ಇಡಿಸಿಕೊಂಡಾಗಲೆಲ್ಲ ಮೊದಲು ಅದಕ್ಕೆ ತೋರಿಸುತ್ತಿದ್ದಳು. ಇವರ ಊರನ್ನು ಕೇಳಬೇಡಿ. ಏಕೆಂದರೆ ಮೊದಲ ಗುರುವಾರವೇ ಹಲಿಮಕ್ಕ ಒಂದು ಶರತ್ತು ಹಾಕಿದ್ದಳು, ಅದೊಂದೇ ಶರತ್ತು.

"ಕೇಳಿ, ಮರ್ತುಬಿಡಿ ಮಾಸ್ತರೆ. ಬರೀಬೇಡಿ."

ಹಾಗಿದ್ದರೆ ನನಗಾದರೂ ಏಕೆ ಹೇಳುತ್ತಿದ್ದಳು? ಈಗ ನನಗೆ ಅರ್ಥವಾಗುತ್ತದೆ. ಮೂವತ್ತು ವರ್ಷ ಎಲ್ಲರದನ್ನೂ ಕೇಳಿಸಿಕೊಂಡವಳಿಗೆ ಹೇಳಿಕೊಳ್ಳಲು ಒಬ್ಬ ಬೇಕಾಗಿತ್ತು. ಯಾವ ಮನೆಗೂ ಸೇರದ, ಯಾರಿಗೂ ನೆಂಟನಲ್ಲದ, ಘಟ್ಟದ ಕೆಳಗಿನ ಒಬ್ಬ. ಅವಳು ನನ್ನನ್ನು ನಂಬಿದಳು.

ನಾನು ಬರೆದೆ. ಮೊದಲು ನೆರಳಿನ ಹಿಂಬದಿಗೆ ಊರಿನ ಮೊದಲಕ್ಷರ ಮಾತ್ರ. ಆಮೇಲೆ ಇಡೀ ಊರು. ಆಮೇಲೆ ಮನೆ, ಯಜಮಾನನ ಹೆಸರು, ಹೆಂಗಸಿನ ಹೆಸರು. ಎಲ್ಲಿ ಸಿಕ್ಕಿತೆಂದು ಬರೆಯದ ನಾಣ್ಯಕ್ಕೆ ಬೆಲೆಯಿಲ್ಲ ಎಂದು ಯಾವುದೋ ಪುಸ್ತಕದಲ್ಲಿ ಓದಿದ್ದೆ. ನನ್ನನ್ನು ನಾನು ಸಂಶೋಧಕನೆಂದು ಕರೆದುಕೊಳ್ಳತೊಡಗಿದ್ದೆ, ಮನಸ್ಸಿನಲ್ಲೇ ಆದರೂ. ಕದ್ದು ಬರೆದದ್ದೂ ಅಲ್ಲ. ಅವಳ ಎದುರಿಗೇ, ಚಹಾ ಕುಡಿಯುತ್ತ ಬರೆಯುತ್ತಿದ್ದೆ. ಎಂತ ಬರೀತಿದೀರಿ ಎಂದು ಒಮ್ಮೆ ಕೇಳಿದ್ದಳು. ಚುಕ್ಕಿಯ ವಿವರ ಎಂದೆ. ಅವಳು ನನ್ನ ಅಕ್ಷರ ನೋಡಿ, ಇರುವೆ ಸಾಲು ಹೋದ ಹಾಗೆ ಎಷ್ಟು ಚೆಂದ ಎಂದಿದ್ದಳು. ಅದನ್ನು ಕೇಳಿ ನನಗೆ ಹೆಮ್ಮೆಯೂ ಆಗಿತ್ತು.

ಎರಡು ವರ್ಷದಲ್ಲಿ ಒಂದರಿಂದ ಒಂಬತ್ತರ ತನಕ ಸಾಲು ತುಂಬಿತು. ಏಳು ಮಾತ್ರ ಇಲ್ಲ. ಆರರ ಪಕ್ಕ ಒಂದು ಅಂಗೈಯಗಲ ಚಾಪೆ ಖಾಲಿ ಬಿಟ್ಟು ಎಂಟನ್ನು ಇಡುತ್ತಿದ್ದೆವು. ಹಲಿಮಕ್ಕನಿಗೂ ಅದರ ಹುಚ್ಚು ಹಿಡಿಯಿತು. ಕೊನೆಗೊಂದು ಗುರುವಾರ, ಗಂಟು ಬಿಚ್ಚದೆ, ಆದಿತ್ಯವಾರ ನನ್ನ ಸಂಗಡ ಬರಬೇಕು ಎಂದಳು. ಎಕ್ಕಂಬಿಯ ಕಡೆಯ ಒಂದು ಒಕ್ಕಲಿನ ಮನೆ. ಆ ಹೆಂಗಸನ್ನು ಗೌರವ್ವ ಎನ್ನೋಣ; ಅದು ಅವರ ಹೆಸರಲ್ಲ. ಈ ಬರಹದಲ್ಲಿ ಜನರ ನಿಜವಾದ ಹೆಸರು ಒಂದೇ, ಹಲಿಮಕ್ಕನದು. ಅದನ್ನು ಬದಲಿಸಿದರೆ ಅವಳನ್ನು ಕರೆದಂತೆ ಆಗುವುದಿಲ್ಲ.

ಗೌರವ್ವ ಹಣೆತುಂಬ ವಿಭೂತಿಯ, ನಗೆಮುಖದ ಹೆಂಗಸು. ಒಳಗ ಬರ್ರಿ ಮಾಸ್ತರ, ಕುಂದ್ರಿ, ಎಂದು ಕಂಬಳಿ ಹಾಸಿ ಬೆಲ್ಲ ನೀರು ಕೊಟ್ಟರು. ಗಂಡ ಹೊಲಕ್ಕೆ ಹೋಗಿದ್ದ. ಗೌರವ್ವ ಹಲಿಮಕ್ಕನ ಮುಖ ನೋಡಿದರು, ಹಲಿಮಕ್ಕ ತಲೆಯಾಡಿಸಿದಳು. ಆಗ ಅವರು ಮದುವೆಯಾದಾಗಿನಿಂದ ತೆಗೆಯದ ಸರವನ್ನು ತಲೆಯ ಮೇಲಿಂದ ತೆಗೆದು ನನ್ನ ಕೈಗಿಟ್ಟರು.

"ನಮ್ಮ ಅತ್ತಿ ಕೊರಳಾಗ ಇದ್ದದ್ದು. ನೋಡಿ ಕೊಡ್ರಿ."

ಸರ ಇನ್ನೂ ಬೆಚ್ಚಗಿತ್ತು. ನಡುವಿನ ರೂಪಾಯಿಯನ್ನು ಬೆಳಕಿಗೆ ಹಿಡಿದೆ. ಏಳು ಚುಕ್ಕಿ, ಒಂದೂ ಸವೆದಿರಲಿಲ್ಲ. ನಾನೇ ನೆರಳು ತೆಗೆದೆ; ಅವಸರಕ್ಕೆ ಕಾಗದ ಜರುಗಿ ರಾಣಿಯ ಮೂಗು ಎರಡಾಯಿತು. ಮತ್ತೊಮ್ಮೆ ತೆಗೆದೆ. ಸರವನ್ನು ಮರಳಿ ಕೊಟ್ಟಾಗ ಗೌರವ್ವ ಅದನ್ನು ಕಣ್ಣಿಗೊತ್ತಿಕೊಂಡು ಹಾಕಿಕೊಂಡರು. ಮರಳುವ ಬಸ್ಸಿನಲ್ಲಿ ಹಲಿಮಕ್ಕ ತನಗೆ ತಾನೇ ನಗುತ್ತಿದ್ದಳು. ನನ್ನ ಬದುಕಿನಲ್ಲಿ ಅಷ್ಟು ಸುಖದ ಬಸ್ ಪ್ರಯಾಣ ಇನ್ನೊಂದಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ? ಆದರೆ ಚುಕ್ಕಿ ಎಷ್ಟೆಂದು ಗೊತ್ತಾಯಿತೇ ಹೊರತು ಏಕೆಂದು ಗೊತ್ತಿರಲಿಲ್ಲ. ವಾರಪತ್ರಿಕೆಯೊಂದರಲ್ಲಿ ಹುಬ್ಬಳ್ಳಿಯ ಒಬ್ಬ ಹಳೆ ನಾಣ್ಯದ ವ್ಯಾಪಾರಿಯ ಜಾಹೀರಾತು ಕಂಡಿತು. ಬರೆದು ಕೇಳಿದೆ. ಟೈಪು ಮಾಡಿದ ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯ ಉತ್ತರ ಬಂತು. ನನ್ನನ್ನು ವಿದ್ವಾಂಸರೇ ಎಂದು ಕರೆದಿದ್ದ. ಯಾವ ಯಾವ ನಾಣ್ಯ ಯಾವ ಯಾವ ಮನೆಯದೆಂಬ ಪೂರ್ಣ ವಿವರ ಕಳಿಸಿದರೆ ಅಧ್ಯಯನ ಮಾಡಿ ಚುಕ್ಕಿಯ ಗುಟ್ಟು ತಿಳಿಸುವೆನೆಂದಿದ್ದ. ವಿದ್ವಾಂಸ ಎಂಬ ಒಂದು ಶಬ್ದ ಸಾಕಾಯಿತು ನನಗೆ. ಹನ್ನೊಂದು ಮನೆಗಳ ವಿವರವನ್ನು ನನ್ನ ಇರುವೆ ಸಾಲಿನ ಅಕ್ಷರದಲ್ಲಿ ನಕಲು ಮಾಡಿ, ಎರಡು ಸಲ ತಿದ್ದಿ ಅಂಚೆಗೆ ಹಾಕಿದೆ.

ಅವನು ಮಾತಿಗೆ ತಪ್ಪಲಿಲ್ಲ. ಗುಟ್ಟು ಹೀಗಿತ್ತು: ಆ ರೂಪಾಯಿಗಳನ್ನು ಹತ್ತು ಹನ್ನೆರಡು ವರ್ಷ ಅಚ್ಚು ಹಾಕಿದರೂ ಇಸವಿಯನ್ನು ಮಾತ್ರ 1862ಕ್ಕೇ ನಿಲ್ಲಿಸಿಬಿಟ್ಟಿದ್ದರು. ಯಾವ ವರ್ಷದ್ದೆಂದು ತಮಗಾದರೂ ತಿಳಿಯಲಿ ಎಂದು ಮುಂಬಯಿಯ ಟಂಕಸಾಲೆಯವರು ವರ್ಷಕ್ಕಿಷ್ಟು ಎಂದು ಚುಕ್ಕಿ ಕೂಡಿಸುತ್ತ ಹೋದರಂತೆ. ಗುರುವಾರ ಬರುವುದನ್ನೇ ಕಾದು ಹಲಿಮಕ್ಕನಿಗೆ ಹೇಳಿದೆ. ಯಾರು ತಿಳಿಸಿದರೆಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮಗ್ಗು ಕೆಳಗಿಟ್ಟು ಏಳರ ನೆರಳಿನ ಮೇಲೆ ಹೆಬ್ಬೆರಳು ಆಡಿಸಿದಳು.

"ನಂದೂ ಹಾಂಗೇ ಮಾಸ್ತರೆ" ಎಂದಳು. "ಅವ್ರು ಹೋದ ವರ್ಷಕ್ಕೇ ಇಸವಿ ನಿಂತದೆ. ಆಮೇಲಿಂದು ಬರೀ ಚುಕ್ಕಿ."

ಆ ಮಾತು ಅವಳು ನನ್ನ ಜಗಲಿಯಲ್ಲಿ ಕೂತು ಆಡಿದ ಕೊನೆಯ ಸುಖದುಃಖದ ಮಾತು. ಮುಂದಿನ ಮೂರು ಗುರುವಾರ ಅವಳು ಬರಲಿಲ್ಲ. ನೆಗಡಿಯೋ ಜ್ವರವೋ ಎಂದುಕೊಂಡೆ. ನಡೆದದ್ದು ನನಗೆ ಆಮೇಲೆ ತಿಳಿಯಿತು. ಹುಬ್ಬಳ್ಳಿಯವನು ನನ್ನ ಕಾಗದ ಹಿಡಿದು, ಕಾರು ಮಾಡಿಕೊಂಡು ಮನೆಮನೆಗೆ ಹೋಗಿದ್ದ. ಜಗಲಿಯಲ್ಲಿ ನಿಂತು, ನಿಮ್ಮ ಯಜಮಾನತಿಯ ಕೊರಳಲ್ಲಿ ಇಂಥ ರೂಪಾಯಿ ಇದೆಯಲ್ಲ, ನಡುವಿನದು, ಇಷ್ಟು ಚುಕ್ಕಿಯದು, ಎಂದು ಗಂಡಸರನ್ನು ಕೇಳಿದ್ದ. ಗೌರವ್ವನ ಗಂಡನಿಗೆ ಬೆಳ್ಳಿ ಮಾರುವ ಅಗತ್ಯವೇನೂ ಇರಲಿಲ್ಲ. ನನ್ನ ಹೆಂಡತಿಯ ಕೊರಳಲ್ಲಿ ಏನಿದೆಯೆಂದು ಹುಬ್ಬಳ್ಳಿಯವನಿಗೆ ಹೇಗೆ ಗೊತ್ತು ಎಂದು ಅವನಿಗೆ ರೇಗಿತು. ಊರವರು ಕೂಡಿದ್ದರು. ಆ ಸಿಟ್ಟಿಗೆ ಒಳಗೆ ಹೋಗಿ, ಸರ ತೆಗೆಸಿ, ತಂದು ವ್ಯಾಪಾರಿಯ ಮುಂದೆ ಎಸೆದ. ಇನ್ನೂ ಮೂರು ಮನೆಯಲ್ಲಿ ಹೀಗೇ ಆಯಿತು. ಉಳಿದ ಮನೆಗಳಲ್ಲಿ ಸರ ಉಳಿಯಿತು, ಆದರೆ ಕೊರಳ ಹತ್ತಿರ ಬರುತ್ತಿದ್ದವಳು ಒಬ್ಬಳೇ ಎಂದು ಎಲ್ಲರಿಗೂ ಗೊತ್ತಿತ್ತು. ಹಲಿಮಕ್ಕ ಮಲಾರ ಹೊತ್ತು ಹೋದಾಗ ಹನ್ನೊಂದು ಮನೆಯಲ್ಲೂ ಇವತ್ತು ಬಳೆ ಬೇಡ ಎಂದರು. ಬೈದಿದ್ದರೆ ಅವಳು ಉತ್ತರ ಕೊಡಬಹುದಿತ್ತು.

ನಾಲ್ಕನೆಯ ಗುರುವಾರ ಬಂದಳು. ಮಲಾರವಿರಲಿಲ್ಲ. ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತು ಗೌರವ್ವನ ನೆರಳು ತರಲು ಹೇಳಿದಳು. ತಂದೆ. ಹಿಂಬದಿಗೆ ತಿರುವಲು ಹೇಳಿದಳು.

"ಎಂತ ಬರ್ದದೆ, ಓದಿ."

ಓದಿದೆ. ಊರು, ಮನೆ, ಗಂಡನ ಹೆಸರು, ಅವರ ಹೆಸರು, ಅತ್ತೆಯಿಂದ ಬಂದದ್ದು ಎಂಬ ಮಾತು. ಅವಳು ಪೂರ್ತಿ ಕೇಳಿಸಿಕೊಂಡಳು. ಉಳಿದ ಹತ್ತನ್ನೂ ಓದಿಸಿದಳು. ಆಮೇಲೆ ಕೇಳಿದಳು:

"ನಂಗೆ ಓದೋಕೆ ಬರೂದಿಲ್ಲ ಅಂತ ಬರದ್ರಾ ಮಾಸ್ತರೆ?"

ಅವಳು ಅಂಗಳದ ಗೇಟು ಎಳೆದುಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು. ಓಡಿಹೋಗಿ ಕಾಲು ಹಿಡಿಯಬೇಕಾಗಿತ್ತು. ಮನೆಯ ಒಡತಿ ನೋಡುತ್ತಿದ್ದಾಳಲ್ಲ ಎಂದು ನಿಂತೆ.

ಆ ಆದಿತ್ಯವಾರವೇ ಹುಬ್ಬಳ್ಳಿಗೆ ಹೋದೆ. ವ್ಯಾಪಾರಿ ನನ್ನನ್ನು ಗಾದಿಯ ಮೇಲೆ ಕೂರಿಸಿ ಚಹಾ ತರಿಸಿದ. ಮಾಲು ಮುಂಬಯಿಗೆ ಹೋಯಿತು ವಿದ್ವಾಂಸರೇ, ಎಂದ. ಸಿಟ್ಟು ಮಾಡಲೂ ನನಗೆ ಮುಖವಿರಲಿಲ್ಲ. ಅವನು ಕದ್ದಿರಲಿಲ್ಲ, ಕೊಟ್ಟವನು ನಾನು. ಅಲ್ಲಿಂದ ಬಂದು ಗೌರವ್ವನ ಮನೆಗೆ ಹೋದೆ. ತಪ್ಪು ಹಲಿಮಕ್ಕನದಲ್ಲ, ನನ್ನದೆಂದು ಗಂಡನ ಮುಂದೆಯೇ ಹೇಳಿದೆ. ಅವನು ಎದ್ದು ಹೊರಗೆ ಹೋದ. ಗೌರವ್ವ ನೀರು ಕೊಟ್ಟರು. ಸರ ಇದ್ದಲ್ಲಿ ಕೊರಳ ಸುತ್ತ ಚರ್ಮ ಬೆಳ್ಳಗೆ ಉಳಿದಿತ್ತು. ಅವರ ಮುಂಗೈಯಲ್ಲಿ ಹಳೆಯ ಬಳೆ ಎರಡೋ ಮೂರೋ ಇದ್ದವು.

"ಹಲಿಮಾಗ ಹೇಳ್ರಿ, ನಾ ಕಾಯಾಕತ್ತೀನಿ ಅಂತ" ಎಂದರು. "ಬ್ಯಾರೆದವ್ರ ಕೈಲೆ ನಾ ಬಳಿ ಇಡಿಸ್ಕೊಳ್ಳೂದಿಲ್ಲ."

ಅಷ್ಟು ದೊಡ್ಡ ಮಾತನ್ನು ಹೊತ್ತುಕೊಂಡು ಯಲ್ಲಾಪುರಕ್ಕೆ ಓಡಿದೆ. ಬಾಗಿಲು ತೆರೆದವನು ಅವಳ ತಮ್ಮ. ಅಕ್ಕ ಕಸುಬು ಬಿಟ್ಟಳು, ಮಲಾರವನ್ನು ಸಂಬಂಧಿಕರ ಹುಡುಗಿಗೆ ಕೊಟ್ಟು ದಾಂಡೇಲಿಯ ಮಗಳ ಮನೆಗೆ ಹೋದಳು ಎಂದ. ಕಾಗದ ಬರೆಯೋಣವೆಂದು ಕೂತೆ. ಅವಳಿಗೆ ಓದಲು ಬಾರದು. ಯಾರಾದರೂ ಓದಿ ಹೇಳಬೇಕು. ಅಂದರೆ ಗೌರವ್ವನ ಮಾತು ಮತ್ತೊಬ್ಬರ ಕಿವಿಗೆ ಬೀಳಬೇಕು. ಮತ್ತೆ ಅದೇ ತಪ್ಪು. ಕಾಗದ ಹರಿದೆ. ಎರಡು ಸಲ ದಾಂಡೇಲಿಗೆ ಹೋದೆ. ಮೊದಲ ಸಲ ಅವಳು ಯಾವುದೋ ಹೆರಿಗೆಗೆಂದು ಊರಿಗೆ ಹೋಗಿದ್ದಳು. ಎರಡನೆಯ ಸಲ ಹೋದಾಗ ಅಳಿಯನ ಕೆಲಸ ಬದಲಾಗಿ ಮನೆ ಖಾಲಿಯಾಗಿತ್ತು. ಎಲ್ಲಿಗೆ ಹೋದರೆಂದು ಪಕ್ಕದವರಿಗೂ ಗೊತ್ತಿರಲಿಲ್ಲ. ಆಮೇಲೆ ನನಗೆ ಸಿದ್ದಾಪುರಕ್ಕೆ ವರ್ಗವಾಯಿತು, ಮದುವೆಯಾಯಿತು, ಮಕ್ಕಳಾದವು. ಗೌರವ್ವನ ಮಾತು ಇವತ್ತಿಗೂ ನನ್ನ ಹತ್ತಿರವೇ ಇದೆ, ತಲುಪಬೇಕಾದವಳಿಗೆ ತಲುಪಿಲ್ಲ.

ಯಲ್ಲಾಪುರದಿಂದ ಮರಳಿದ ದಿನ ರಬ್ಬರು ಹಿಡಿದು ನೆರಳುಗಳ ಹಿಂಬದಿಯ ಹೆಸರುಗಳನ್ನೆಲ್ಲ ಅಳಿಸಿದ್ದೆ. ಬಳೆಯ ಕಾಗದ ತೆಳ್ಳಗೆ, ಮೂರು ಕಡೆ ಹರಿಯಿತು. ಆ ಮೇಲೆ ನಾನು ನಾಣ್ಯದ ಗೊಡವೆಗೆ ಹೋಗಲಿಲ್ಲ. ಆದರೆ ಹಲಿಮಕ್ಕನನ್ನು ಹುಡುಕುವುದು ಬಿಡಲಿಲ್ಲ. ಬಸ್ಸಿನಲ್ಲಿ ಬಳೆಯ ಸದ್ದು ಕೇಳಿದರೆ ಈಗಲೂ ತಿರುಗಿ ನೋಡುತ್ತೇನೆ. ಬದುಕಿದ್ದರೆ ಅವಳಿಗೆ ನೂರು ದಾಟಿರಬೇಕು, ಗೊತ್ತು. ಗುರುವಾರ ಮಧ್ಯಾಹ್ನ ಚಹಾಕ್ಕೆ ನೀರಿಡುವಾಗ ಇನ್ನೊಂದು ಮಗ್ಗಿನ ನೀರು ಹೆಚ್ಚಾಗಿಯೇ ಬೀಳುತ್ತದೆ. ಹೆಂಡತಿ ಇದ್ದಾಗ ಅದನ್ನು ಅವಳು ಕುಡಿಯುತ್ತಿದ್ದಳು, ಏಕೆಂದು ಕೇಳುತ್ತಿರಲಿಲ್ಲ. ನನಗೆ ಹಲಿಮಕ್ಕ ಬೇಕು. ಕ್ಷಮೆ ಕೇಳುವುದಕ್ಕೆ ಬೇಕು ಎನ್ನುವುದು ಅರ್ಧ ಮಾತ್ರ ನಿಜ. ಸುಮ್ಮನೆ ಅವಳು ಎದುರಿಗೆ ಕೂತು, ಇವತ್ತು ಎರಡು ನೆರಳು ತಂದಿದೇನೆ ಮಾಸ್ತರೆ, ಎನ್ನಬೇಕು.

ಕಳೆದ ತಿಂಗಳು ಬೆಳಗಿನ ಹೊತ್ತಿನಲ್ಲಿ ಒಬ್ಬ ತರುಣ ಮನೆಗೆ ಬಂದ. ಹಳೆಯ ನಾಣ್ಯಗಳ ಮೇಲೆ ಪುಸ್ತಕ ಬರೆಯುತ್ತಿದ್ದಾನಂತೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ನೆರಳುಗಳ ಸುದ್ದಿ ತಿಳಿದಿತ್ತು. ಒಳ್ಳೆಯ ಹುಡುಗ, ವಿನಯವಂತ. ಕೈ ತೊಳೆದು ಒರೆಸಿಕೊಂಡೇ ಕಾಗದ ಮುಟ್ಟಿದ. ಒಂದೊಂದರ ಫೋಟೋ ತೆಗೆದ. ಏಳು ಚುಕ್ಕಿಯದು ಬಂದಾಗ ಚುಕ್ಕಿಗಳನ್ನು ಎರಡು ಸಲ ಎಣಿಸಿದ. ಅದನ್ನು ಮೆಲ್ಲಗೆ ತಿರುವಿ, ಬೆಳಕಿಗೆ ಹಿಡಿದ.

"ಹಿಂದೆ ಏನೋ ಬರೆದು ಅಳಿಸಿದ್ದಾರೆ ಸರ್. ಇದು ಯಾವ ಊರಿನದು, ಯಾವ ಮನೆಯದು? ಅದೊಂದು ಗೊತ್ತಾದರೆ ನಿಮ್ಮ ಹೆಸರಿನಲ್ಲೇ ಹಾಕುತ್ತೇನೆ."

ಹನ್ನೊಂದು ಮನೆಗಳೂ ಕಣ್ಣ ಮುಂದೆ ಬಂದವು. ಯಾವ ಬಾಗಿಲು ಯಾವ ಕಡೆಗಿದೆ, ಯಾವ ಜಗಲಿಗೆ ಎಷ್ಟು ಮೆಟ್ಟಿಲು ಎಂದು ಹಲಿಮಕ್ಕ ಹೇಳಿದ್ದೆಲ್ಲ ಇದ್ದ ಹಾಗೇ ಇತ್ತು. ನೆನಪಿಲ್ಲ ಎಂದೆ. ಊರಾದರೂ ನೆನಪಾಗಬಹುದು ಎಂದು ಅವನು ಎರಡು ಮೂರು ಊರುಗಳ ಹೆಸರು ಹೇಳಿ ನನ್ನ ಮುಖ ನೋಡಿದ. ಎಂಬತ್ತು ದಾಟಿತಪ್ಪ, ಏನೂ ನೆನಪಿಲ್ಲ ಎಂದು ಮತ್ತೆ ಹೇಳಿದೆ. ಪಾಪ, ನನ್ನ ವಯಸ್ಸಿಗೆ ಮರುಗಿ, ಕಾಲಿಗೆ ನಮಸ್ಕಾರ ಮಾಡಿ ಹೋದ.

ಕೇಳಿ ಮರೆತುಬಿಡಿ ಎಂದು ನೀನು ಹೇಳಿದ್ದೆ, ಹಲಿಮಕ್ಕ. ಮರೆಯುವುದು ನನ್ನಿಂದ ಆಗಲಿಲ್ಲ. ಹೇಳದೆ ಇರುವುದನ್ನು ಕಲಿತಿದ್ದೇನೆ.